ಕೋಟು ಮಾವನ ಹೊಟ್ಟೆಗೊಂದು ಕಿಂಡಿ

ನನ್ನ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಬಟ್ಟೆಯನ್ನೂ ತಪ್ಪಾಗಿ ಹೊಲಿದವರಲ್ಲ. ಇದು ಅವರೇ ಹೇಳಿದ ಮಾತು. ಬೇರೆ ಸಾಕ್ಷಿ ಬೇಕಿಲ್ಲ ಎನ್ನುವಷ್ಟು ಸಲ ಹೇಳಿದ ಮಾತು. ಅಂಗಿ ಬಿಗಿಯಾಯಿತೆಂದು ಗಿರಾಕಿ ವಾಪಸು ಬಂದರೆ ಮಾವ ಅಂಗಿಯನ್ನು ನೋಡುತ್ತಿರಲಿಲ್ಲ, ಗಿರಾಕಿಯನ್ನು ನೋಡುತ್ತಿದ್ದರು. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಆತನ ಸುತ್ತ ನಿಧಾನವಾಗಿ ಒಂದು ಸುತ್ತು ಬಂದು, "ಅಳತೆ ಕೊಟ್ಟ ಮೇಲೆ ನೀವು ಉಸಿರಾಡೋ ರೀತಿ ಬದಲಾಯಿಸಿದ್ದೀರಿ" ಎನ್ನುತ್ತಿದ್ದರು. ತೋಳು ಉದ್ದವಾಯಿತೆಂದವರಿಗೆ ಕೈಯನ್ನು ಸ್ವಲ್ಪ ಚಾಚಿಕೊಂಡು ನಡೆಯುವಂತೆ ಸಲಹೆ ಸಿಗುತ್ತಿತ್ತು. ಒಬ್ಬ ಬ್ಯಾಂಕ್ ಮ್ಯಾನೇಜರು ಆ ಮಾತು ನಂಬಿ ಎಡಗೈ ಚಾಚಿಕೊಂಡೇ ನಿವೃತ್ತರಾದರು ಎಂದು ನನ್ನ ಅತ್ತೆ ಹೇಳುತ್ತಾರೆ. ಅತ್ತೆ ಉತ್ಪ್ರೇಕ್ಷೆ ಮಾಡುವವರಲ್ಲ. ಅದಕ್ಕೆ ಮಾವ ಅವಕಾಶವನ್ನೇ ಉಳಿಸಿಲ್ಲ.

ಬೀದಿಯವರಿಗೆಲ್ಲ ಅವರು ಕೋಟು ಮಾವ. ಕೋಟು ಹೊಲಿಸುವವರು ಬರುವುದು ನಿಂತು ಎಷ್ಟೋ ಕಾಲವಾಗಿತ್ತು. ಬರುತ್ತಿದ್ದುದೆಲ್ಲ ಪ್ಯಾಂಟಿನ ಅಂಚು ಮಡಚುವ, ಜಿಪ್ಪು ಬದಲಾಯಿಸುವ ಕೆಲಸ. ಆದರೂ ಅಂಗಡಿಯ ಗಾಜಿನೊಳಗೆ ಒಂದು ಬೂದುಬಣ್ಣದ ಕೋಟು ತೂಗುತ್ತಿತ್ತು. ಅದನ್ನು ಹೊಲಿಸಿದವರು ಯಾರು, ಯಾಕೆ ಒಯ್ಯಲಿಲ್ಲ ಎಂದು ಕೇಳಿದರೆ ಮಾವನಿಗೆ ಕಿವಿ ಮಂದವಾಗುತ್ತಿತ್ತು. ಕತ್ತರಿಸುವ ಮೇಜು, ಎರಡು ಹೊಲಿಗೆ ಯಂತ್ರ, ಬಾಗಿಲ ಬೆಳಕಿಗೆ ಸ್ಟೂಲು ಹಾಕಿಕೊಂಡು ಕೂರುವ ಕಾಜದ ಅಕ್ಕ, ಇಷ್ಟು ಅವರ ಸಾಮ್ರಾಜ್ಯ. ಗುಂಡಿ ತೂರುವ ಕಾಜಗಳಿಗೆ ಸುತ್ತ ಕೈಹೊಲಿಗೆ ಹಾಕುವುದು ಆ ಅಕ್ಕನ ಕೆಲಸ. ಮಾವನ ಭಾಷಣಗಳನ್ನು ಕೇಳಿಯೂ ಕೇಳದವಳಂತೆ ಕೂರುವುದು ಸಂಬಳವಿಲ್ಲದೆ ಮಾಡುತ್ತಿದ್ದ ಇನ್ನೊಂದು ಕೆಲಸ.

ಮಧ್ಯಾಹ್ನ ಷಟರನ್ನು ಅರ್ಧಕ್ಕೆ ಎಳೆದು ಮಾವ ಊಟಕ್ಕೆ ಮನೆಗೆ ಹೋಗುತ್ತಿದ್ದರು. ಮನೆ ಅಂಗಡಿಯ ಹಿಂದಿನ ಓಣಿಯಲ್ಲೇ. ಊಟದ ಮೇಜಿನಲ್ಲಿ ಅವರು ಬೆಳಗಿನ ಗಿರಾಕಿಗಳನ್ನು ಒಬ್ಬೊಬ್ಬರಾಗಿ ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಅತ್ತೆ ಎದುರು ಕೂತು ನಿಧಾನವಾಗಿ, ಹೊಟ್ಟೆ ತುಂಬ ಉಣ್ಣುತ್ತಿದ್ದರು. ಮಾವನ ಮಾತು ಮುಗಿಯುವವರೆಗೆ ಏಳುವಂತಿಲ್ಲವಾದ್ದರಿಂದ ಎರಡನೇ ಸಲ ಬಡಿಸಿಕೊಳ್ಳುವುದು ಅವರಿಗೆ ಅನಿವಾರ್ಯವಾಗಿತ್ತು. ಮದುವೆಯಾದಾಗ ಕಡ್ಡಿಯಂತಿದ್ದ ಅತ್ತೆ ಗುಂಡಗಾದದ್ದು ಈ ರೀತಿ, ಕೇಳುತ್ತ ಕೇಳುತ್ತ.

ಒಂದು ಬೆಳಗ್ಗೆ ಅಂಗಡಿಯಲ್ಲಿ ಮಾವ ನೀರು ಕುಡಿದರು. ನೀರು ಒಳಗೆ ಹೋಗಲಿಲ್ಲ. ಮೂಗಿನಿಂದ ಬಂತು, ಕೆಮ್ಮಾಗಿ ಬಂತು, ಬಿಡಿಸಿಟ್ಟ ಬಟ್ಟೆಯ ಮೇಲೆಲ್ಲ ಬಿತ್ತು. ಮೇಜು ಹಿಡಿದುಕೊಂಡು ನಿಂತವರನ್ನು ಕಾಜದ ಅಕ್ಕ ಆಟೋಗೆ ಹತ್ತಿಸಿದಳು. ಮಿದುಳಿನ ತಳಭಾಗದಲ್ಲಿ ಒಂದು ಸಣ್ಣ ರಕ್ತನಾಳ ಕಟ್ಟಿಕೊಂಡಿದೆ ಎಂದರು ಆಸ್ಪತ್ರೆಯಲ್ಲಿ. ಕೈಗೆ ಏನೂ ಆಗಿರಲಿಲ್ಲ. ಕಾಲು ಸ್ವಲ್ಪ ತೂರಾಡಿ ಕೆಲವು ದಿನಕ್ಕೆ ಸರಿಹೋಯಿತು. ದನಿ ಮಾತ್ರ ಎಣ್ಣೆ ಕಾಣದ ಯಂತ್ರದಂತೆ ಗೊರಗೊರ ಆಯಿತು. ಆದರೂ ಮಾತು ನಿಲ್ಲಲಿಲ್ಲ. ನಿಂತದ್ದು ನುಂಗುವುದು. ಎಂಜಲನ್ನು ನುಂಗುವುದೂ ಗಂಟಲಿಗೆ ಮರೆತುಹೋಗಿತ್ತು.

ಮೊದಲು ಮೂಗಿನಿಂದ ಹೊಟ್ಟೆಗೆ ಒಂದು ತೆಳ್ಳನೆಯ ನಳಿಕೆ ಇಳಿಸಿ, ಕೆನ್ನೆಗೆ ಪಟ್ಟಿ ಅಂಟಿಸಿದರು. ವಾರಗಳು ಕಳೆದವು. ನೋಡಲು ಹೋದವರಿಗೆ ಮಾವ ಗೋಡೆಗೆ ತಿರುಗಿ ಮಲಗಿ ಬೆನ್ನು ತೋರಿಸುತ್ತಿದ್ದರು. "ಮುಖಕ್ಕೆ ತೇಪೆ ಹಾಕಿಸ್ಕೊಂಡಿರೋ ದರ್ಜಿ ಹತ್ರ ಯಾವನು ಬಟ್ಟೆ ಕೊಡ್ತಾನೆ" ಎಂದು ಗೋಡೆಯನ್ನು ಕೇಳುತ್ತಿದ್ದರು.

ಆಗ ಹೊಟ್ಟೆಯ ಡಾಕ್ಟರಮ್ಮ ಬಂದರು. ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು, ಆದರೆ ಮಾವನ ಮಾತಿಗೆ ಹೆದರದವರು.

"ಮೂಗಿನ ನಳಿಕೆ ಬಹಳ ದಿನಕ್ಕಲ್ಲ ಇವರೇ. ಮೂಗು, ಗಂಟಲು ಹುಣ್ಣಾಗುತ್ತೆ. ಹೊಟ್ಟೆ ಮೇಲಿಂದ ಜಠರಕ್ಕೆ ನೇರವಾಗಿ ಒಂದು ನಳಿಕೆ ಇಡೋಣ. ಬಾಯಿಂದ ಸಣ್ಣ ಕ್ಯಾಮೆರಾ ಬಿಟ್ಟು ಜಾಗ ನೋಡ್ಕೊಂಡು ಇಡ್ತೀವಿ. ದೊಡ್ಡ ಆಪರೇಷನ್ ಏನಲ್ಲ."

"ಎಷ್ಟು ಹೊಲಿಗೆ ಹಾಕ್ತೀರಿ?" ಮಾವ ಗೋಡೆಯಿಂದ ಇತ್ತ ತಿರುಗಿದರು.

"ಹೊಲಿಗೆ ಬೇಡ."

"ಹೊಲಿಗೆ ಇಲ್ದೆ ಯಾವುದಾದ್ರೂ ನಿಲ್ಲುತ್ತೇನಮ್ಮ?"

ಡಾಕ್ಟರಮ್ಮ ಒಂದು ಹಾಳೆ ತೆಗೆದು ಚಿತ್ರ ಬರೆದರು. ಜಠರದ ಒಳಗೆ ಒಂದು ದುಂಡನೆಯ ಬಿಲ್ಲೆ, ಹೊಟ್ಟೆಯ ಹೊರಗೆ ಒಂದು ಬಿಲ್ಲೆ, ಎರಡನ್ನೂ ಹಾಯ್ದು ಬರುವ ನಳಿಕೆ. ಮಾವ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು.

"ಒಳಗೊಂದು ಗುಂಡಿ, ಹೊರಗೊಂದು ಗುಂಡಿ, ನಡುವೆ ಬಟ್ಟೆ. ಕೋಟಿನ ಎದೆ ಗುಂಡಿ ಜಗ್ಗಬಾರದು ಅಂತ ನಾವೂ ಹಿಂದೆ ಒಂದು ಪುಟ್ಟ ಗುಂಡಿ ಇಡ್ತೀವಿ. ಅಂದ್ರೆ ನೀವು ನಮ್ಮ ಕಡೆಯವರೇ ಆದ್ರಿ."

"ಹಾಗೇ ಅಂದ್ಕೊಳ್ಳಿ. ಗಂಟಲು ಸರಿಹೋದ್ರೆ ತೆಗೀಬಹುದು. ಸರಿಹೋಗುತ್ತಾ, ಯಾವಾಗ ಅನ್ನೋದನ್ನ ಈಗ ಹೇಳಕ್ಕಾಗಲ್ಲ."

ಅಷ್ಟು ಹೊತ್ತು ಮಂಚದ ಕಾಲ ಬಳಿ ನಿಂತಿದ್ದ ಅತ್ತೆ ಒಂದೇ ಒಂದು ಪ್ರಶ್ನೆ ಕೇಳಿದರು. "ಇವರು ನನ್ ಜೊತೆ ಮೇಜಿಗೆ ಕೂರಬಹುದಾ ಡಾಕ್ಟ್ರೇ?"

"ಕೂರಬಹುದು ಅಲ್ಲ, ಕೂರಲೇಬೇಕು. ಮಲಗಿಕೊಂಡು ಆಹಾರ ಬಿಡೋ ಹಾಗಿಲ್ಲ. ನೀವು ತಟ್ಟೆಯಲ್ಲಿ ಉಣ್ಣಿ, ಅವರು ನಳಿಕೆಯಲ್ಲಿ ಉಣ್ಣಲಿ. ಊಟ ಊಟಾನೇ."

ಅತ್ತೆಯ ಮುಖದಲ್ಲಿ ಎಷ್ಟೋ ದಿನದ ಮೇಲೆ ಒಂದು ಗೆಲುವು ಕಂಡಿತು. ಮಾವ ಒಪ್ಪಿದರು. ಕೆಲಸ ಬೇಗನೆ ಮುಗಿಯಿತು. ಎಚ್ಚರವಾದ ಮೇಲೆ ಹೊಟ್ಟೆಯ ಮೇಲಿನ ಬಿಲ್ಲೆಯನ್ನು ಬೆರಳಿನಿಂದ ಮುಟ್ಟಿ ನೋಡಿ, "ಪರವಾಗಿಲ್ಲ, ನೀಟಾಗಿದೆ" ಎಂದು ಸರ್ಟಿಫಿಕೇಟು ಕೊಟ್ಟರು. ನರ್ಸು ಇಬ್ಬರಿಗೂ ಕೆಲಸ ಕಲಿಸಿದಳು: ನೆಟ್ಟಗೆ ಕೂರಬೇಕು, ಮೊದಲು ನೀರು ಬಿಡಬೇಕು, ಆಮೇಲೆ ದ್ರವಾಹಾರ, ಕೊನೆಗೆ ಮತ್ತೆ ನೀರು, ಅವಸರ ಮಾಡಬಾರದು, ಮುಗಿದ ಕೂಡಲೇ ಮಲಗಬಾರದು. ಮಾವ ಒಂದೇ ಸಲಕ್ಕೆ ಕಲಿತರು. ದೊಡ್ಡ ಸಿರಿಂಜಿನ ಹಿಂದಿನ ದಂಡ ತೆಗೆದು, ಮೂತಿಯನ್ನು ನಳಿಕೆಗೆ ಸಿಕ್ಕಿಸಿ, ಒಂದು ಕೈಯಲ್ಲಿ ಎತ್ತಿ ಹಿಡಿದು ಇನ್ನೊಂದು ಕೈಯಿಂದ ಸುರಿದುಕೊಳ್ಳುವ ಅವರ ಠೀವಿ ನೋಡಿ, ಪಕ್ಕದ ಮಂಚದವರೂ ತಮಗೊಂದು ಬೇಕೆಂದಾರು ಎನಿಸಿತು ನನಗೆ.

ತೊಂದರೆ ಶುರುವಾದದ್ದು ಮನೆಗೆ ಬಂದ ಮೇಲೆ. ಊಟದ ಹೊತ್ತಾಯಿತೆಂದರೆ ಮಾವ ಲೋಟ, ಸಿರಿಂಜು ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದರು. ಚಿಲಕ ಬೇರೆ.

ಒಂದು ಮಧ್ಯಾಹ್ನ ನಾನು ಹೋದಾಗ ಅಡುಗೆಮನೆಯಲ್ಲಿ ಅತ್ತೆ ಸಿಂಕಿನ ಪಕ್ಕ ನಿಂತು ಒಣ ಬ್ರೆಡ್ಡು ತಿನ್ನುತ್ತಿದ್ದರು. ನನ್ನನ್ನು ಕಂಡು ಮಿಕ್ಕಿದ ಚೂರನ್ನು ತಟ್ಟೆಯ ಕೆಳಗೆ ಬಚ್ಚಿಟ್ಟರು. ಒಲೆ ತಣ್ಣಗಿತ್ತು.

"ಅಡುಗೆ ಮಾಡಿಲ್ವಾ ಅತ್ತೆ?"

"ಮೆಲ್ಲಗೆ ಮಾತಾಡು. ಈರುಳ್ಳಿ ಹುರಿದ್ರೆ ಕೋಣೆಗೆ ವಾಸನೆ ಹೋಗುತ್ತೆ. ಪಾತ್ರೆ ಸದ್ದಾದ್ರೆ ಅವರಿಗೆ ಗೊತ್ತಾಗುತ್ತೆ. ಬಾಯಿಗೊಂದು ತೊಟ್ಟು ನೀರಿಲ್ದೆ ಅವರು ಅಲ್ಲಿ ಕೂತಿರೋವಾಗ ನಾನು ಇಲ್ಲಿ ಚಪ್ಪರಿಸ್ತಾ ಕೂರಲಾ?"

"ಹಾಗಂತ ಬರೀ ಬ್ರೆಡ್ಡಾ?"

"ಟೀ ಕುಡೀತೀನಲ್ಲ" ಎಂದರು ಅತ್ತೆ, ಟೀ ಒಂದು ತರಕಾರಿ ಎಂಬಂತೆ.

ನಾನು ಕೋಣೆಯ ಬಾಗಿಲು ತಟ್ಟಿದೆ. ಮಾವ ಅಂಗಿಯ ಗುಂಡಿ ಹಾಕಿಕೊಂಡೇ ತೆರೆದರು. ನೀವು ಬಾಗಿಲು ಹಾಕಿಕೊಂಡರೆ ಅತ್ತೆ ಊಟ ಮಾಡುವುದಿಲ್ಲ, ಬರೀ ಬ್ರೆಡ್ಡು, ಟೀ ಎಂದೆ.

"ಎಲಾ, ಅವಳು ಉಣ್ಣಲಿ ಅಂತಾನೇ ನಾನು ಬಾಗಿಲು ಹಾಕ್ಕೊಳ್ಳೋದು. ಹೊಟ್ಟೆ ಬಿಚ್ಚಿ ನಳಿಕೆ ಹಿಡ್ಕೊಂಡು ಎದುರಿಗೆ ಕೂತ್ರೆ ಅವಳ ಗಂಟಲಲ್ಲಿ ಇಳಿಯುತ್ತಾ?"

"ಅತ್ತೆನೇ ಕೂರಿ ಅಂದ್ರಲ್ಲ."

"ಅವಳು ಅಂತಾಳೆ ಕಣೋ ಅಳಿಯ. ಮರ್ಯಾದೆ ಅನ್ನೋದು ನನಗೆ ಇರಬೇಕಲ್ಲ." ಆಮೇಲೆ ದನಿ ತಗ್ಗಿಸಿದರು. "ಇರು. ನಾನೊಂದು ಅಂಗಿ ಮನಸ್ಸಲ್ಲೇ ಕತ್ತರಿಸ್ತಾ ಇದ್ದೀನಿ. ಹೊಟ್ಟೆ ಹತ್ರ ಒಂದು ಜೇಬು, ಅದರ ಮುಚ್ಚಳದ ಅಡಿಯಲ್ಲಿ ಒಂದು ಕಿಂಡಿ. ನಳಿಕೆ ಅಲ್ಲಿಂದ ಬರುತ್ತೆ, ಅಲ್ಲೇ ಹೋಗುತ್ತೆ. ಎದುರಿಗೆ ಕೂತವನಿಗೆ ಏನೋ ಜೇಬಿಂದ ತೆಗೀತಿದ್ದಾನೆ ಅನ್ನಿಸಬೇಕು. ಆ ಅಂಗಿ ಆದ ದಿನ ಮೇಜಿಗೂ ಬರ್ತೀನಿ, ಅಂಗಡಿಗೂ ಹೋಗ್ತೀನಿ. ಅಲ್ಲಿವರೆಗೆ ಯಾರ ಮುಂದೂ ಕೂರಲ್ಲ."

ಇವರಿಗಾಗಿ ಅವರು ಒಲೆ ಹಚ್ಚುವುದಿಲ್ಲ. ಅವರಿಗಾಗಿ ಇವರು ಬಾಗಿಲು ತೆಗೆಯುವುದಿಲ್ಲ. ಒಬ್ಬರ ಮೇಲೊಬ್ಬರಿಗೆ ಇಷ್ಟು ಕಾಳಜಿ ಇರುವ ಮನೆಯಲ್ಲಿ ಮೂರನೆಯವರು ಬಾಯಿ ಹಾಕುವುದು ಕಷ್ಟ. ಅಂಗಿಯೇ ದಾರಿ ಎಂದುಕೊಂಡೆ.

ಆ ಅಂಗಿಯ ಗುಟ್ಟನ್ನು ಮಾವ ಸರ್ಕಾರಿ ರಹಸ್ಯದಂತೆ ಕಾಪಾಡಿದರು. ಅಂಗಡಿಯಿಂದ ನಾನೇ ತಿಳಿನೀಲಿ ಬಟ್ಟೆ ತಂದುಕೊಟ್ಟೆ. ಮನೆಯಲ್ಲಿ ಕೈಯಿಂದ ತಿರುಗಿಸುವ ಒಂದು ಹಳೆಯ ಹೊಲಿಗೆ ಯಂತ್ರವಿತ್ತು. ಹೊಟ್ಟೆಯನ್ನು ಯಾರಿಗೂ ತೋರಿಸುವಂತಿಲ್ಲವಾದ್ದರಿಂದ ಬೀರುವಿನ ಕನ್ನಡಿಯ ಮುಂದೆ ನಿಂತು ತಮ್ಮ ಅಳತೆಯನ್ನು ತಾವೇ ತೆಗೆದುಕೊಂಡರು. ಇಷ್ಟು ವರ್ಷ ಊರಿಗೆಲ್ಲ ಅಳತೆ ಹಿಡಿದವರಿಗೆ ಸ್ವಂತ ಹೊಟ್ಟೆಗೆ ಟೇಪು ಹಿಡಿದು ಅಭ್ಯಾಸವಿರಲಿಲ್ಲ. ಕಿಂಡಿಯ ಅಂಚಿಗೆ ಕಾಜದ ಹೊಲಿಗೆ ಹಾಕಿಸಲು ಅಂಗಿಯನ್ನು ಅಂಗಡಿಗೆ ಒಯ್ದೆ. ಕಾಜದ ಅಕ್ಕ ಜೇಬಿನ ಮುಚ್ಚಳ ಎತ್ತಿ ನೋಡಿ, "ಟ್ರಯಲ್ ನೋಡಿದ್ರಾ?" ಎಂದಳು. ಮಾವನನ್ನು ಕೇಳಿ ಬಂದೆ. "ಟ್ರಯಲ್ ನೋಡೋದು ಕಲಿಯೋರಿಗೆ" ಎಂಬ ಉತ್ತರ ಬಂತು. ಅಕ್ಕ ಸೂಜಿಗೆ ದಾರ ಪೋಣಿಸಿದಳು.

ಅಂಗಿ ಸಿದ್ಧವಾದ ದಿನ ಅತ್ತೆ ಮೇಜಿನ ಮೇಲೆ ಬಟ್ಟೆ ಹಾಸಿ ಎರಡು ಕಡೆ ಕುರ್ಚಿ ಹಾಕಿದ್ದರು. ಒಲೆಯ ಮೇಲೆ ಸೂಪು ಕುದಿಯುತ್ತಿತ್ತು. ಮಾವ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ನಾವಿಬ್ಬರೂ ಮದುಮಗ ಹೊರಬರುವುದನ್ನು ಕಾಯುವವರಂತೆ ನಿಂತೆವು. ಒಳಗೆ ಸದ್ದಿಲ್ಲ. ಬಹಳ ಹೊತ್ತಿನ ಮೇಲೆ ಬಾಗಿಲು ತೆರೆಯಿತು. ಅಂಗಿಯ ಕಿಂಡಿ ಬಲಗಡೆ ಇತ್ತು. ನಳಿಕೆ ಎಡಗಡೆ ಉಬ್ಬಿ ಕೂತಿತ್ತು.

ಮಾವನ ಮುಖ ಶಾಂತವಾಗಿತ್ತು. "ಆ ಡಾಕ್ಟರಮ್ಮ" ಎಂದರು, "ತಪ್ಪು ಕಡೆ ಹಾಕಿದ್ದಾಳೆ."

ನಾನು ಏನೋ ಹೇಳಲು ಹೋದೆ. ಅತ್ತೆ ನನ್ನ ಕೈ ಒತ್ತಿ ಒಲೆ ಆರಿಸಿದರು. ಆ ಸ್ಥಿತಿಯಲ್ಲಿರುವ ಮಾವನ ಜೊತೆ ವಾದಿಸುವುದಕ್ಕಿಂತ ಆಸ್ಪತ್ರೆಗೆ ಹೋಗಿಬರುವುದು ಸಲೀಸು ಎಂದು ಅವರಿಗೆ ಅನುಭವದಿಂದ ಗೊತ್ತಿತ್ತು.

ಡಾಕ್ಟರಮ್ಮ ಅಂಗಿಯನ್ನೂ ಹೊಟ್ಟೆಯನ್ನೂ ಒಂದಾದ ಮೇಲೊಂದು ನೋಡಿದರು.

"ಚೆನ್ನಾಗಿದೆಯಲ್ಲ ಇವರೇ, ಒಣಗಿದೆ. ಏನು ತೊಂದರೆ?"

"ತೊಂದರೆ ಏನಿಲ್ಲ ತಾಯಿ. ಮನುಷ್ಯರು ಅಂದ ಮೇಲೆ ತಪ್ಪಾಗುತ್ತೆ. ನೀವು ಬಲಗಡೆ ಇಡೋದನ್ನ ಎಡಗಡೆ ಇಟ್ಟಿದ್ದೀರಿ. ನಾನು ಯಾರ ಹತ್ರಾನೂ ಹೇಳೋದಿಲ್ಲ."

"ಜಠರ ಇರೋದೇ ಎಡಗಡೆ."

"ಎಲ್ಲರಿಗೂನಾ?"

"ಹೆಚ್ಚುಕಡಿಮೆ ಎಲ್ಲರಿಗೂ."

ಮಾವ ಸ್ವಲ್ಪ ಯೋಚಿಸಿದರು. "ಅಳತೆ ಹಿಡಿಯೋವಾಗ ಬಲಗಡೆ ಇತ್ತಲ್ಲ" ಎಂದರು.

"ಅಳತೆ ಹೇಗೆ ತಗೊಂಡ್ರಿ?"

"ಹೇಗೆ ಅಂದ್ರೆ? ಎದುರಿಗೆ ನಿಂತು. ಕನ್ನಡಿಯಲ್ಲಿ."

ಅಷ್ಟು ಹೇಳಿದವರು ನಿಲ್ಲಿಸಿದರು. ಅವರ ಬಲಗೈ ತನಗೆ ತಾನೇ ಗಾಳಿಯಲ್ಲಿ ಎದ್ದು, ಎದುರಿಗೆ ನಿಂತವನ ಹೊಟ್ಟೆಗೆ ಟೇಪು ಹಿಡಿದಂತೆ ಮಾಡಿತು. ಒಂದು ಜೀವಮಾನವಿಡೀ ಅವರು ಗಿರಾಕಿಗೆ ಎದುರಾಗಿ ನಿಂತವರು. ತಮ್ಮ ಎಡಕ್ಕಿರುವುದು ಗಿರಾಕಿಯ ಬಲ ಎಂದು ಲೆಕ್ಕ ಹಾಕಿ ಹಾಕಿ ಅದು ಕೈಗೇ ಅಂಟಿದೆ. ಕನ್ನಡಿಯಲ್ಲಿದ್ದವನನ್ನೂ ಕೈ ಗಿರಾಕಿಯೆಂದೇ ತಿಳಿದು, ಅವನ ಎಡವನ್ನು ಬಲವೆಂದು ಕತ್ತರಿಸಿತ್ತು. ಇದು ಅವರಿಗೆ ಹೊಳೆಯುತ್ತಿರುವುದು ನಮಗೆಲ್ಲ ಕಾಣುತ್ತಿತ್ತು. ಕಿವಿಯಿಂದ ಶುರುವಾಗಿ ಮುಖವೆಲ್ಲ ಕೆಂಪಾಯಿತು.

"ಆ ಗಿರಾಕಿ" ಎಂದರು ಕೊನೆಗೆ, "ನೆಟ್ಟಗೆ ನಿಂತಿರಲಿಲ್ಲ."

ಡಾಕ್ಟರಮ್ಮ ತುಟಿ ಕಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಅತ್ತೆಗೆ ಆ ಶಿಸ್ತು ಸಾಧ್ಯವಾಗಲಿಲ್ಲ. ಸೆರಗಿನಂಚು ಬಾಯಿಗೊತ್ತಿಕೊಂಡು ಕಾರಿಡಾರಿಗೆ ಓಡಿದರು. ನಾವು ಹಿಂದೆ ಹೋದಾಗ ಗೋಡೆಯ ಬೆಂಚಿನ ಮೇಲೆ ಬಗ್ಗಿ ಕೂತು ಮೈ ಕುಲುಕಿಸಿ ನಗುತ್ತಿದ್ದರು. "ನೆಟ್ಟಗೆ ನಿಂತಿರಲಿಲ್ವಂತೆ" ಎಂದು ನನಗೆ ಹೇಳಿ ಮತ್ತೆ ನಕ್ಕರು. ಕಾಯಿಲೆ ಬಂದಂದಿನಿಂದ ಆ ನಗು ನಾನು ಕೇಳಿರಲಿಲ್ಲ.

ಮಾವ ಬೈಯುವುದಕ್ಕೆಂದೇ ಹತ್ತಿರ ಹೋದವರು. ಬೈಯಲಿಲ್ಲ. ಅತ್ತೆಯ ಬ್ಲೌಸಿನ ಭುಜವನ್ನೇ ನೋಡುತ್ತ ನಿಂತರು. ಹೊಲಿಗೆಯ ಗೆರೆ ಭುಜ ಬಿಟ್ಟು ತೋಳಿನ ಮೇಲೆ ಇಳಿದಿತ್ತು. ಕುತ್ತಿಗೆಯ ಹತ್ತಿರ ಬಟ್ಟೆ ಸಡಿಲವಾಗಿ ಜೋಲುತ್ತಿತ್ತು. ಎರಡು ಬೆರಳಿನಲ್ಲಿ ಆ ಸಡಿಲನ್ನು ಚಿಮುಟಿ ಹಿಡಿದರು. ಬಟ್ಟೆ ಬಹಳ ಸಿಕ್ಕಿತು.

"ಇದನ್ನ ಯಾರು ಹೊಲಿದದ್ದು?"

"ಇನ್ಯಾರು, ನೀವೇ."

"ನಾನು ಹೊಲಿದದ್ದು ಹೀಗಿರೋದಿಲ್ಲ."

"ಅಳತೆ ಕೊಟ್ಟ ಮೇಲೆ ನಾನು ಉಸಿರಾಡೋ ರೀತಿ ಬದಲಾಯಿಸಿದೀನಿ" ಎಂದು ಅತ್ತೆ ಇನ್ನೂ ನಗುತ್ತಲೇ ಕಣ್ಣೊರೆಸಿಕೊಂಡರು. "ನೀವು ಹೊಲಿದದ್ದು ಸರಿಯಾಗೇ ಇತ್ತು ಬಿಡಿ. ಒಳಗಿರೋಳು ಸ್ವಲ್ಪ ಕಡಿಮೆಯಾಗಿದಾಳೆ. ಮನೆಗೆ ಹೋಗಿ ಸ್ವಲ್ಪ ಒಳಗೆ ಹಿಡಿದು ಹೊಲಿದುಕೊಡಿ, ಸಾಕು."

ಮಾವ ಬಟ್ಟೆ ಬಿಡಲಿಲ್ಲ. ನಾನು ಹೇಳಿದ್ದು, ಬ್ರೆಡ್ಡು, ಟೀ ಯಾವುದೂ ಅವರ ತಲೆಗೆ ಹೋಗಿರಲಿಲ್ಲ. ಬೆರಳಿಗೆ ಸಿಕ್ಕ ಆ ಬಟ್ಟೆ ಮಾತ್ರ ನೇರ ತಲೆಗೆ ಹೋಯಿತು. ಆಟೋದಲ್ಲಿ ಮನೆವರೆಗೆ ಅವರ ಕಣ್ಣು ಅತ್ತೆಯ ಭುಜದ ಮೇಲೇ ಇತ್ತು. ಅತ್ತೆ ಗಾಬರಿಯಾಗಿ, ನಗಬಾರದಿತ್ತೇನೋ ಎಂದು ನನಗೆ ಸನ್ನೆ ಮಾಡಿದರು.

ಮರುದಿನ ಮಧ್ಯಾಹ್ನ ಬರಬೇಕೆಂದು ಮಾವನಿಂದ ಕರೆ ಬಂತು. ಹೋದಾಗ ಕಿಂಡಿಯಂಗಿ ಗೂಟದಲ್ಲಿ ತೂಗುತ್ತಿತ್ತು, ಯಾರೂ ಅದಕ್ಕೆ ಕೈ ಹಚ್ಚಿರಲಿಲ್ಲ. ಅತ್ತೆ ಬ್ಲೌಸು ಕೈಯಲ್ಲಿ ಹಿಡಿದು ಮಾವನ ಎದುರು ನಿಂತಿದ್ದರು.

"ಪಕ್ಕಕ್ಕೊಂದು ಹೊಲಿಗೆ ಹಾಕಿದ್ರೆ ಆಯ್ತು. ನಿಮಗಾಗಲ್ಲ ಅಂದ್ರೆ ಕಾಜದ ಅಕ್ಕನ ಹತ್ರ ಹಾಕಿಸ್ಕೊಳ್ತೀನಿ."

"ಯಾರೂ ಹಾಕೋದು ಬೇಡ. ನಾನು ಹೊಲಿದದ್ದು ಸರಿಯಾಗಿದೆ ಅಂತ ನೀನೇ ಅಂದೆ. ಸರಿಯಾಗಿರೋದನ್ನ ನಾನು ಮುಟ್ಟೋದಿಲ್ಲ. ಸರಿಹೋಗ್ಬೇಕಾದ್ದು ಒಳಗಿರೋಳು." ಮಾವ ಲೋಟ, ಸಿರಿಂಜು ಎತ್ತಿಕೊಂಡರು. ಕೋಣೆಯ ಕಡೆಗೆ ಹೋಗಲಿಲ್ಲ. ಮೇಜಿನ ಬಳಿ ಬಂದು ತಮ್ಮ ಹಳೆಯ ಕುರ್ಚಿಯಲ್ಲಿ ನೆಟ್ಟಗೆ ಕೂತರು. "ಒಲೆ ಹಚ್ಚು. ಈರುಳ್ಳಿ ಹಾಕು. ಪಾತ್ರೆ ಸದ್ದಾಗ್ಲಿ."

"ಅಂಗಿ ಇನ್ನೂ ಸರಿಯಾಗಿಲ್ವಲ್ಲ ಮಾವ" ಎಂದೆ.

"ಅಂಗಿ ಬಂದಾಗ ಬರುತ್ತೆ. ನೀನು ಕೂತ್ಕೋ, ಬಾಗಿಲಲ್ಲಿ ಕಂಬ ನಿಂತಂಗೆ ನಿಲ್ಲಬೇಡ."

ಅವರು ಮಾಮೂಲಿ ಬಿಳಿ ಅಂಗಿಯ ಕೆಳಗಿನ ಗುಂಡಿಗಳನ್ನು ಬಿಚ್ಚಿದರು. ಅತ್ತೆ ಅಡುಗೆಮನೆಯಿಂದ ನೋಡಿಯೂ ನೋಡದವರಂತೆ ಈರುಳ್ಳಿ ಹೆಚ್ಚಿದರು. ಬಾಣಲೆ ಚುರ್ ಎಂದಿತು. ವಾಸನೆ ಮನೆಯೆಲ್ಲ ತುಂಬಿತು. ಮಾವ ಕಣ್ಣು ಮುಚ್ಚಿಕೊಂಡರು. ಅವರಿಗೆ ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಟಲಿನ ಗಂಟು ಒಮ್ಮೆ ಮೇಲೆ ಹೋಗಲು ನೋಡಿ ಅಲ್ಲೇ ಉಳಿಯಿತು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡರು.

"ಸೀದು ಹೋಗ್ತಿದೆ" ಎಂದರು ಕಣ್ಣು ತೆರೆಯದೆ.

"ಸೀದಿಲ್ಲ. ಕೂತಲ್ಲಿಂದ ಅಡುಗೆ ಮಾಡಬೇಡಿ."

ಅತ್ತೆ ಸೂಪಿನ ಪಾತ್ರೆ, ಬೇಯಿಸಿದ ಆಲೂಗಡ್ಡೆ ತಂದಿಟ್ಟು ಎದುರು ಕೂತರು. ಮಾವ ನಳಿಕೆಗೆ ನೀರು ಬಿಟ್ಟರು. ಆಮೇಲೆ ಲೋಟದಿಂದ ಸ್ವಲ್ಪ ಸುರಿದು, ಸಿರಿಂಜನ್ನು ಎತ್ತಿ ಹಿಡಿದು ನಿಲ್ಲಿಸಿಬಿಟ್ಟರು.

"ಏನಾಯ್ತು, ಕಟ್ಕೊಂಡಿತಾ?"

"ನನ್ನದು ಸರಿಯಾಗೇ ಇಳೀತಿದೆ. ನಿನ್ನ ಚಮಚ ಯಾಕೆ ನಿಂತಿದೆ? ನೀನು ತಿಂದಷ್ಟೇ ನಾನು ಸುರ್ಕೊಳ್ಳೋದು."

ಅತ್ತೆ ನನ್ನ ಕಡೆ ನೋಡಿದರು. ನಾನು ನನ್ನ ತಟ್ಟೆಯನ್ನು ಬಹಳ ಆಸಕ್ತಿಯಿಂದ ನೋಡುತ್ತಿದ್ದೆ. ಅವರು ಒಂದು ಚಮಚ ಸೂಪು ಬಾಯಿಗಿಟ್ಟರು. ಮಾವ ಅಷ್ಟು ಸುರಿದರು. ಇವರು ಆಲೂಗಡ್ಡೆಯ ಒಂದು ತುಂಡು, ಅವರು ಇನ್ನಷ್ಟು. ಕೆಲವು ಚಮಚವಾಗುವಷ್ಟರಲ್ಲಿ ಮಾವನ ಮಾತು ಶುರುವಾಯಿತು: ಆಸ್ಪತ್ರೆಯ ಬಾಗಿಲಲ್ಲಿ ಕಂಡವನ ಕಾಲರು, ಆಟೋದವನ ಖಾಕಿ ಅಂಗಿ, ಡಾಕ್ಟರಮ್ಮನ ಬಿಳಿಕೋಟಿನ ಬೆನ್ನಿನ ಮಡಿಕೆ. ಗೊರಗೊರ ದನಿಯಲ್ಲಿ ಎಲ್ಲರನ್ನೂ ಬಿಚ್ಚಿ ಹೊಲಿಯುತ್ತ ಹೋದರು. ಅತ್ತೆ ಕೇಳುತ್ತ ಉಂಡರು. ತಟ್ಟೆ ಖಾಲಿಯಾದದ್ದು ಅವರ ಗಮನಕ್ಕೆ ಬರಲಿಲ್ಲ, ಮಾವನ ಗಮನಕ್ಕೆ ಬಂತು.

"ಸೂಪು ಹೇಗಿದೆ ಹೇಳು. ನಾನು ತಿಂದು ನೋಡೋ ಹಾಗಿಲ್ಲ. ನೀನೇ ಹೇಳ್ಬೇಕು."

"ಉಪ್ಪು ಸ್ವಲ್ಪ ಕಡಿಮೆ."

"ಅಂದಾಜಿಗೆ ಹೇಳ್ಬೇಡ. ಇನ್ನೊಂದು ಸಲ ಬಡಿಸ್ಕೊಂಡು ತಿಂದು ನೋಡಿ ಹೇಳು."

ಅತ್ತೆ ಬಡಿಸಿಕೊಂಡರು. ತಿಂದು, ಸ್ವಲ್ಪ ಯೋಚಿಸಿ, "ಹೂಂ, ಕಡಿಮೆನೇ" ಎಂದರು.

"ನನಗ್ಯಾಕೋ ನಂಬಿಕೆ ಬರ್ತಿಲ್ಲ" ಎಂದು ಮಾವ ಸೂಪಿನ ಪಾತ್ರೆಯನ್ನು ಅತ್ತೆಯ ಕಡೆಗೆ ಸರಿಸಿದರು.